ಹಾಲೆ ಮರಕ್ಕೆ ಕಟ್ಟಿದ ದಾರ

ಅಕ್ಟೋಬರ್ ಬಂತೆಂದರೆ ನಮ್ಮ ಸೊಸೈಟಿಯ ವಾಟ್ಸ್‌ಆಪ್ ಗುಂಪಿನಲ್ಲಿ ಒಂದು ಜಗಳ ತಪ್ಪುವುದಿಲ್ಲ. ಗೇಟಿನ ಪಕ್ಕದ ಹಾಲೆ ಮರ ಹೂ ಬಿಟ್ಟಿರುತ್ತದೆ. ಸಂಜೆಯಾಗುತ್ತಲೇ ಅದರ ವಾಸನೆ ಮೇಲಿನ ಮಹಡಿಗಳವರೆಗೂ ಏರುತ್ತದೆ. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ದಮ್ಮು, ಮತ್ತೊಬ್ಬರ ಮಗು ಮಲಗುವುದಿಲ್ಲ. ಕಡಿಸಿಬಿಡಿ ಎಂದು ಅರ್ಧ ಜನ, ಅದಕ್ಕೆ ಕಾರ್ಪೊರೇಷನ್ನಿನ ಪರವಾನಗಿ ಬೇಕು ಎಂದು ಉಳಿದರ್ಧ. ಜಗಳಗಂಟಿ ಎಂದು ನನಗೆ ಹೆಸರಿದ್ದರೂ ಇದೊಂದರಲ್ಲಿ ಬಾಯಿ ಮುಚ್ಚಿಕೊಂಡಿರುತ್ತೇನೆ. ಬರೆಯಲು ಶುರುಮಾಡಿದರೆ ಅದು ಮರದ ವಿಷಯವಾಗಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತು.

ಮೊನ್ನೆ ಕೆಲಸ ಮುಗಿಸಿ ಪುಣೆಯ ಕೊಂಢವಾದಲ್ಲಿರುವ ಮನೆಗೆ ಬಂದು ಸ್ಕೂಟರ್ ನಿಲ್ಲಿಸುವಾಗ ಈ ವರ್ಷದ ಮೊದಲ ವಾಸನೆ ಮೂಗಿಗೆ ಬಡಿಯಿತು. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತೆ. ವಾಚ್‌ಮನ್ ಹತ್ತಿರ ಬಂದು, “ಕಾಯ್ ಝಾಲಂ ತಾಯಿ?” ಏನಾಯಿತು ಅಕ್ಕಾ ಎಂದು ವಿಚಾರಿಸಿದ. ಏನಿಲ್ಲ ಎಂದೆ. ಏನಿಲ್ಲದೆ ಏನು, ಅಜ್ಜನ ನೆನಪಾಗಿ ಅಳು ಬಂದಿತ್ತು.

ಈ ಮರಕ್ಕೆ ಪುಣೆಯವರು ಸಪ್ತಪರ್ಣಿ ಎನ್ನುತ್ತಾರೆ. ಒಂದೊಂದು ಗಿಣ್ಣಿನಲ್ಲೂ ಏಳೇಳು ಎಲೆ, ಛತ್ರಿ ಬಿಡಿಸಿದ ಹಾಗೆ ಸುತ್ತಲೂ ಹರಡಿಕೊಂಡಿರುತ್ತವೆ. ಇಲ್ಲಿಯವರಿಗೆ ಅದು ನೆರಳಿಗೆ ನೆಟ್ಟ ಬೀದಿ ಮರ. ನನ್ನ ಅಜ್ಜನಿಗೆ ಅದು ಮದ್ದಿನ ಮರ. ಅಷ್ಟೇ ಅಲ್ಲ, ಅವರು ಈ ಊರಿನಲ್ಲಿ ಉಳಿದದ್ದೇ ಅದರಿಂದ.

ಅಜ್ಜ ಬ್ರಹ್ಮಾವರದ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಸೋದರಮಾವನ ಹಿಂದೆ ಪುಣೆಗೆ ಬಂದು ದೇಹೂ ರೋಡಿನ ಮಿಲಿಟರಿ ದಂಡಿನ ಒಂದು ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವ ಕೆಲಸಕ್ಕೆ ನಿಂತರು. ಮೊದಲ ಮಳೆಗಾಲದಲ್ಲೇ ಜ್ವರ ಹಿಡಿಯಿತು. ಭಾಷೆ ಬಾರದು, ಅನ್ನ ಸೇರದು, ಸುತ್ತ ಎಲ್ಲಿ ನೋಡಿದರೂ ಸಿಪಾಯಿಗಳು. ಊರಿಗೆ ವಾಪಸು ಹೋಗಿಬಿಡುವುದೆಂದು ಚೀಲ ಕಟ್ಟಿಕೊಂಡು ಸ್ಟೇಷನ್ನಿಗೆ ನಡೆಯುತ್ತಿದ್ದಾಗ, ದಂಡಿನ ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತ ಹಾಲೆ ಮರಗಳು ಕಂಡವಂತೆ. “ನಮ್ಮ ಮನೆ ಹಿಂದೆ ಇದ್ದದ್ದೇ ಮರ ಪುಟ್ಟಿ. ಒಂದಲ್ಲ, ಸಾಲಿಗೆ ಸಾಲು. ಇದು ಇರುವ ಊರಲ್ಲಿ ನನಗೆಂತ ಹೆದರಿಕೆ ಹೇಳಿ ವಾಪಸು ತಿರುಗಿದೆ” ಎನ್ನುತ್ತಿದ್ದರು. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಚೀಲ ಇನ್ನಷ್ಟು ಭಾರವಾಗುತ್ತಿತ್ತು, ಜ್ವರ ಇನ್ನೊಂದು ಡಿಗ್ರಿ ಏರುತ್ತಿತ್ತು.

ಮುಂದೆ ಅವರು ಗಿರಿಜಾ ಎಂಬ ಹುಡುಗಿಯನ್ನು ಊರಿನಲ್ಲಿ ಮದುವೆಯಾಗಿ ಕರೆತಂದರು. ಅವಳೇ ನನ್ನ ಅಜ್ಜಿ. ಪುಣೆಯ ಅಂಚಿನ ಧನಕವಡಿಯಲ್ಲಿ ಇನ್ನೂ ಹೊಲಗದ್ದೆ ಇದ್ದಾಗ, ಕಾಲೇಜುಗಳು ಬರುತ್ತವೆ ಎಂಬ ಮಾತನ್ನು ನಂಬಿ ಅಲ್ಲೊಂದು ಸಣ್ಣ ಹೋಟೆಲ್ ತೆರೆದರು. ಕೆಳಗೆ ಹೋಟೆಲ್, ಮೇಲೆ ಮನೆ. ಕಾಲೇಜುಗಳು ಬಂದವು. ಅಪ್ಪ ಅಲ್ಲೇ ಹುಟ್ಟಿದರು, ನಾನೂ ಅಲ್ಲೇ ಹುಟ್ಟಿದೆ. ಇಡೀ ಗಲ್ಲಿಗೆ ಅಜ್ಜ ‘ಅಣ್ಣಾ’ ಆದರು.

ನಮ್ಮ ಕಡೆ ಆಷಾಢದ ಕೊನೆಗೆ ಬರುವ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯವನ್ನು ಬರಿ ಹೊಟ್ಟೆಗೆ ಕುಡಿಯುತ್ತಾರೆ. ಮಳೆಗಾಲದ ನಡುವಿನ ಆ ಒಂದು ದಿನ ಮರದೊಳಗೆ ಸಾವಿರ ಮದ್ದು ಬಂದು ಸೇರುತ್ತದೆ, ಕುಡಿದವರಿಗೆ ವರ್ಷವಿಡೀ ಕಾಯಿಲೆ ಇಲ್ಲ ಎಂದು ನಂಬಿಕೆ. ಅದಕ್ಕೆ ನಿಯಮಗಳೂ ಇವೆ. ಹಿಂದಿನ ಸಂಜೆ ಹೋಗಿ ಮರಕ್ಕೆ ದಾರ ಕಟ್ಟಿ, ನಾಳೆ ಬರುತ್ತೇನೆ ಎಂದು ಹೇಳಿ ಬರಬೇಕು. ಸೂರ್ಯ ಹುಟ್ಟುವ ಮೊದಲೇ ತೊಗಟೆ ತರಬೇಕು. ಕತ್ತಿ ಮುಟ್ಟಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ತಂದವರೇ ಮೊದಲು ಕುಡಿಯಬೇಕು, ಆಮೇಲೆ ಉಳಿದವರು. ಇದಕ್ಕೆ ಅಜ್ಜ ತಮ್ಮದೂ ಒಂದನ್ನು ಸೇರಿಸಿದ್ದರು. ತೊಗಟೆಯ ಜೊತೆ ಒಂದು ಚಿಗುರು ಗೆಲ್ಲನ್ನೂ, ಎಂದರೆ ಎಲೆಯಿರುವ ಸಣ್ಣ ಕೊಂಬೆಯನ್ನೂ, ತಂದು ಹೋಟೆಲಿನ ಹಿಂಬಾಗಿಲಿಗೆ ಸಿಕ್ಕಿಸುತ್ತಿದ್ದರು. ಏಳೆಲೆ ಕಂಡರೆ ನಂಬದವರೂ ನಂಬುತ್ತಾರೆ ಎನ್ನುವುದು ಅವರ ಲೆಕ್ಕ.

ಮರಾಠಿ ಜನರಿಗೆ ಅದೇ ಅಮಾವಾಸ್ಯೆ ಗಟಾರಿ. ಮರುದಿನದಿಂದ ಶ್ರಾವಣ, ಮಾಂಸ ಮದ್ಯ ಎರಡೂ ಬಂದ್, ಹಾಗಾಗಿ ಅವತ್ತು ಹೊಟ್ಟೆ ತುಂಬ ತಿಂದು ಕುಡಿದು ಮುಗಿಸುತ್ತಾರೆ. ಅಜ್ಜ ಎದುರು ಮನೆಯ ಮರಾಠಿ ಹೆಂಗಸು ಕಾಕೂವಿಗೆ, “ಒಂದೇ ಅಮಾವಾಸ್ಯೆ ನೋಡಿ. ನಿಮ್ಮ ಯಜಮಾನರು ಕುಡಿದದ್ದಕ್ಕೆ ಬೈತೀರಿ, ನಮ್ಮವರು ಕುಡಿಯದಿದ್ದರೆ ನಾವು ಬೈತೇವೆ” ಎಂದು ಮರಾಠಿಯಲ್ಲಿ ಛೇಡಿಸುತ್ತಿದ್ದರು. ಕಾಕೂ ನಗುತ್ತಲೇ ತನ್ನ ಲೋಟ ಮುಂದೆ ಹಿಡಿಯುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಕಹಿ ಅಂದರೆ ಎಲ್ಲ ಒಳ್ಳೆಯದೇ ಎಂದು ಅವಳ ತೀರ್ಮಾನ.

ಹಿಂಬಾಗಿಲಿನ ಅಂಗಳದಲ್ಲಿ ಅವತ್ತು ಬೆಳಕು ಹರಿಯುವ ಮೊದಲೇ ಜನ ಸೇರುತ್ತಿದ್ದರು. ಸುತ್ತಮುತ್ತಲಿನ ಹೋಟೆಲುಗಳ ನಮ್ಮೂರ ಕಡೆಯವರು, ಕಾತ್ರಜಿನಿಂದ ಬರುವ ಒಂದೆರಡು ಕುಟುಂಬ, ಹಿಂದಿನ ಗಲ್ಲಿಯ ಕಟ್ಟಡದ ವಾಚ್‌ಮನ್ ಸಂಗಪ್ಪ. ಸಂಗಪ್ಪ ವಿಜಯಪುರ ಜಿಲ್ಲೆಯವನು. ಅವನಿಗೂ ಆಟಿಗೂ ಸಂಬಂಧವೇ ಇಲ್ಲ. “ಅಜ್ಜಾರ ಕೈಲೆ ಕೊಟ್ರ ಏನರೆ ಇರವಲ್ದ್ಯಾಕ, ಕುಡೀತೀನ್ರಿ” ಎಂದು ಮೂಗು ಹಿಡಿದು ಗಟಗಟ ಕುಡಿಯುತ್ತಿದ್ದ. ಅಜ್ಜಿ ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ತೊಗಟೆ ಅರೆದು ರಸ ಹಿಂಡುವಳು. ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ ಅದರೊಳಗೆ ಬಿಟ್ಟರೆ ಚುಂಯ್ ಎನ್ನುವ ಸದ್ದಿಗೆ ಮಕ್ಕಳಾಗಿದ್ದ ನಾವು ಹಿಂದೆ ಹಾರುತ್ತಿದ್ದೆವು. ಕಷಾಯದ ಉಷ್ಣ ಇಳಿಯಲು ಮೇಲಿಂದ ಮೆಂತೆ ಗಂಜಿ.

ಎಲ್ಲರದೂ ಮುಗಿದ ಮೇಲೆ ಅಜ್ಜಿಯ ಸರದಿ. ಅವಳು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕುಡಿದು, ಲೋಟ ಕೆಳಗಿಟ್ಟು, “ಕಹಿ ಸಾಲದು” ಎನ್ನುತ್ತಿದ್ದಳು. ಅಜ್ಜ, “ಬರುವ ವರ್ಷ ನಿನ್ನನ್ನೇ ಅರೆದು ಹಾಕುವ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಪ್ರತಿ ವರ್ಷ ಇದೇ ಮಾತು, ಇದೇ ನಗು. ಈ ಮಾತು ಆಗದೆ ನಮ್ಮ ಮನೆಯಲ್ಲಿ ಆಟಿ ಅಮಾವಾಸ್ಯೆ ಮುಗಿಯುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ಆ ಮಾತು ಆಗದೇ ಹೋದ ವರ್ಷದ ಕಥೆ.

ಆಗ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಆ ಸಲ ಮಳೆ ಜೂನ್‌ನಲ್ಲೇ ಹಿಡಿದದ್ದು ಬಿಡಲೇ ಇಲ್ಲ. ಕಾತ್ರಜ್ ಬೆಟ್ಟ ದಿನಗಟ್ಟಲೆ ಕಾಣಲಿಲ್ಲ. ಹೋಟೆಲಿನ ನೆಲ ಒಣಗಲಿಲ್ಲ, ಹಿಟ್ಟು ಹುಳಿ ಬರಲಿಲ್ಲ. ಅಜ್ಜನಿಗೆ ಮರೆವು ಶುರುವಾಗಿ ಆಗಲೇ ಸ್ವಲ್ಪ ಸಮಯವಾಗಿತ್ತು. ಮೊದಲು ಹೆಸರುಗಳು ಹೋದವು. ಅಪ್ಪನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ಆಮೇಲೆ ದಾರಿ ತಪ್ಪತೊಡಗಿತು. ಒಂದು ಮಧ್ಯಾಹ್ನ ದೇಹೂ ರೋಡಿನ ಬಸ್ ಎಲ್ಲಿ ಎಂದು ಕೇಳುತ್ತ ಸ್ವಾರ್‌ಗೇಟ್ ಬಸ್ ನಿಲ್ದಾಣದಲ್ಲಿ ನಿಂತಿದ್ದವರನ್ನು ಯಾರೋ ಪರಿಚಯದವರು ರಿಕ್ಷಾದಲ್ಲಿ ಕರೆತಂದರು. ಇದು ವಾಸಿಯಾಗುವಂಥದ್ದಲ್ಲ, ಇಳಿಯುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದರು.

ಅಪ್ಪ ಒಂದೊಂದಾಗಿ ಎಲ್ಲವನ್ನೂ ಅವರ ಕೈಯಿಂದ ತೆಗೆದುಕೊಂಡರು. ಬೇರೆ ದಾರಿ ಇರಲಿಲ್ಲ. ಗಲ್ಲಾದಲ್ಲಿ ಕೂರುವುದು ತಪ್ಪಿತು. ಗ್ಯಾಸ್ ತೆರೆದಿಟ್ಟು ಹೋದ ದಿನದಿಂದ ಅಡುಗೆಮನೆಯೂ ತಪ್ಪಿತು. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಕೆಳಗಿಳಿದು ಬಂದವರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕೈ ತೊಳೆಯುವ ಬೇಸಿನ್ನಿನ ಪಕ್ಕ ನಿಂತುಬಿಡುತ್ತಿದ್ದರು. ಗಿರಾಕಿಗಳು “ಅಣ್ಣಾ, ಬರಂ ಹಾಯ್ ನಾ?” ಎಂದು ಆರೋಗ್ಯ ವಿಚಾರಿಸಿದರೆ ನಕ್ಕು ತಲೆಯಾಡಿಸುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕಾಲೇಜಿಗೆ ಮುಂಬಾಗಿಲಿನಿಂದ ಹೋಗುವುದನ್ನು ಬಿಟ್ಟು ಹಿಂದಿನಿಂದ ಹೋಗುತ್ತಿದ್ದೆ.

ಆಟಿ ಅಮಾವಾಸ್ಯೆ ಹತ್ತಿರ ಬಂದಾಗ ಅಪ್ಪ, “ಈ ವರ್ಷ ಬೇಡ. ಊರಿಂದ ಬಸ್ಸಿನಲ್ಲಿ ತೊಗಟೆ ತರಿಸುವ” ಎಂದರು.

ಅಜ್ಜಿ ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು, “ಎಲ್ಲ ತೆಗೆದಾಯ್ತು ಅವರಿಂದ. ಅದೊಂದು ಬಿಡು. ಮರದ ಹತ್ತಿರ ಹೋಗ್ಲಿಕ್ಕೆ ಬುದ್ಧಿ ಬೇಡ, ಕಾಲಿಗೇ ಗೊತ್ತುಂಟು.”

ಅಜ್ಜಿ ಹೇಳಿದ್ದು ನಮಗೆಲ್ಲ ಸರಿಯೆಂದೇ ಕಂಡಿತು.

ಹಿಂದಿನ ಸಂಜೆ ದಾರ ಕಟ್ಟಲು ಅಜ್ಜನ ಜೊತೆ ನಾನು ಹೋದೆ. ನಮ್ಮ ರಸ್ತೆಯ ತಿರುವಿನಲ್ಲಿದ್ದ ಹಾಲೆ ಮರ ಅದು. ಪ್ರತಿ ವರ್ಷ ಅದೇ ಮರ. ಮಳೆ ಹನಿಯುತ್ತಿತ್ತು. ನಾನು ಕೊಡೆ ಹಿಡಿದೆ. ಅಜ್ಜ ಅರಿಶಿನ ಹಚ್ಚಿದ ಬಿಳಿ ದಾರವನ್ನು ಕಾಂಡಕ್ಕೆ ಸುತ್ತಿ, ನಡುಗುವ ಬೆರಳುಗಳಲ್ಲಿ ಗಂಟು ಹಾಕಿದರು. ಆಮೇಲೆ ಪಕ್ಕದ ಮನೆಯವರ ಹತ್ತಿರ ಹಾಲಿಗೆ ಹೇಳಿ ಬರುವಷ್ಟು ಸಹಜವಾಗಿ ಮರಕ್ಕೆ ಹೇಳಿದರು, “ನಾಳೆ ಬೆಳಿಗ್ಗೆ ಬರ್ತೇನೆ ಆಯ್ತಾ? ನಮ್ಮವರಿಗೆಲ್ಲ ಬೇಕು. ತೆಗೆದಿಡು.”

ವಾಪಸು ಬರುವಾಗ ನನ್ನ ಹೆಸರು ಹಿಡಿದು ಕರೆದರು, ಪರೀಕ್ಷೆ ಯಾವಾಗ ಎಂದು ಕೇಳಿದರು. ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಡಾಕ್ಟರಿಗೇ ತಪ್ಪು ತಿಳಿದಿರಬೇಕು ಎಂದು ನಾನು ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಬೆಳಿಗ್ಗೆ ನಾನೂ ಅಪ್ಪನೂ ಜೊತೆಗೆ ಹೋಗುವುದೆಂದು ಮಾತಾಯಿತು.

ಆದರೆ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅಜ್ಜ ಹೊರಟುಹೋಗಿದ್ದರು. ಅಪ್ಪ ಚಪ್ಪಲಿ ಹುಡುಕುತ್ತಿರುವಾಗಲೇ ಅಜ್ಜ ಒದ್ದೆಯಾಗಿ ತಿರುಗಿ ಬಂದರು. ಹೆಗಲ ಪಂಚೆಯಲ್ಲಿ ತೊಗಟೆಯ ಗಂಟು, ಕೈಯಲ್ಲಿ ಗೆಲ್ಲು. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಗೆಲುವು. ಇನ್ನೂ ಕತ್ತಲಿರುವಾಗಲೇ ಗೆಲ್ಲನ್ನು ತಾವೇ ಹಿಂಬಾಗಿಲಿಗೆ ಸಿಕ್ಕಿಸಿದರು. ಅಜ್ಜಿಯ ಕೈಬೆರಳ ಗಂಟುಗಳು ಆ ಮಳೆಗೆ ಊದಿಕೊಂಡಿದ್ದರಿಂದ ತೊಗಟೆಯನ್ನು ಅಮ್ಮ ಮಿಕ್ಸಿಯಲ್ಲಿ ಅರೆದಳು. ಅಮ್ಮ ಸೊಲ್ಲಾಪುರದ ಕಡೆಯವಳು, ಅವಳಿಗೆ ತೊಗಟೆ ಅಂದರೆ ತೊಗಟೆ. ಅಜ್ಜಿ ಮೇಲಿನ ಮನೆಯಲ್ಲಿ ಮೆಂತೆ ಗಂಜಿ ಕುದಿಸುತ್ತಿದ್ದಳು.

ಅಂಗಳದಲ್ಲಿ ಜನ ಸೇರಿದ್ದರು. ದೊಡ್ಡ ಪಾತ್ರೆಯಲ್ಲಿ ಕಷಾಯ ಮೇಜಿನ ಮೇಲಿತ್ತು. ಲೋಟಗಳು ಸಾಲಾಗಿದ್ದವು. ಕಾಕೂ ಬಂದಿದ್ದಳು. ಅಜ್ಜ ಮೊದಲ ಲೋಟ ತುಂಬಿಸಿಕೊಂಡು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಅಷ್ಟರಲ್ಲಿ ಅಜ್ಜಿ ಗಂಜಿಯ ಪಾತ್ರೆ ಹಿಡಿದು ಮೆಟ್ಟಿಲಿಳಿದು ಬಂದಳು. ಹಿಂಬಾಗಿಲಲ್ಲಿ ಒಂದು ಕ್ಷಣ ನಿಂತು ತಲೆ ಎತ್ತಿ ಗೆಲ್ಲನ್ನು ನೋಡಿದಳು. ಆಮೇಲೆ ನಡೆದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಜ್ಜಿ ಓಡಿದಳು. ಎಡವಿದ ಹಾಗೆ ಮೇಜಿನ ಮೇಲೆ ಬಿದ್ದಳು. ಬೀಳುವಾಗ ಅಜ್ಜನ ತೋಳು ಹಿಡಿದು ಎಳೆದಳು. ಲೋಟ ಹಾರಿತು, ಪಾತ್ರೆ ಮಗುಚಿತು, ಗಂಜಿಯೂ ಕಷಾಯವೂ ಬೆರೆತು ಅಂಗಳದ ಮೋರಿಗೆ ಹರಿಯಿತು.

ಅಯ್ಯೋ ಎಂದು ಎಲ್ಲರೂ ಅಜ್ಜಿಯನ್ನು ಎತ್ತಲು ಹೋದೆವು. ಅವಳ ಪಾದದ ಮೇಲೆ ಬಿಸಿ ಗಂಜಿ ಬಿದ್ದಿತ್ತು. ಅವಳು ಮಾತ್ರ ಅಜ್ಜನ ತುಟಿಯನ್ನೇ ನೋಡುತ್ತ, “ಕುಡಿದಿರಾ? ಒಂದು ಗುಟುಕು ಕುಡಿದಿರಾ?” ಎಂದು ಕೇಳುತ್ತಿದ್ದಳು. ಅಜ್ಜ ಕುಡಿದಿರಲಿಲ್ಲ. ಅವರು ಅವಳ ಮುಖ ನೋಡುತ್ತಿದ್ದರು. ಅವಳ ಮುಖವನ್ನು ಜೀವಮಾನವಿಡೀ ಓದಿದವರಿಗೆ ಅದು ಎಡವಿದ್ದಲ್ಲ ಎಂದು ತಿಳಿಯದೇ ಇರುತ್ತದೆಯೇ?

“ಬೇಕಂತ ಚೆಲ್ಲಿದೆ ನೀನು” ಎಂದರು.

“ಇಲ್ಲ, ಕಾಲು ಜಾರಿತು. ತಪ್ಪಾಯ್ತು.”

“ಬೇಕಂತಲೇ. ನನ್ನಿಂದ ಎಲ್ಲ ಕಿತ್ತುಕೊಂಡಿರಿ. ಗಲ್ಲಾ ಕಿತ್ತುಕೊಂಡಿರಿ, ಒಲೆ ಕಿತ್ತುಕೊಂಡಿರಿ. ಇದೂ ಉಳಿಯಬಾರದಾಯ್ತಾ ನಿನಗೆ?” ಅಜ್ಜ ಅಜ್ಜಿಯ ಮೇಲೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಬಂದವರು ಖಾಲಿ ಲೋಟಗಳನ್ನು ಹಿಡಿದು ಒಬ್ಬೊಬ್ಬರಾಗಿ ಹೊರಟರು. ಕಾಕೂ ಮಾತ್ರ ಅಜ್ಜಿಯ ಕಾಲಿಗೆ ತಣ್ಣೀರು ಹುಯ್ದು ಹೋದಳು.

ಅಪ್ಪ ಅಜ್ಜನನ್ನು ಮೇಲೆ ಕರೆದುಕೊಂಡು ಹೋದ ಮೇಲೆ ಅಜ್ಜಿ ಬಾಗಿಲಿನ ಗೆಲ್ಲು ಕಿತ್ತು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಏಳೆಲೆಯ ಸುತ್ತು ಇರಲಿಲ್ಲ. ಉದ್ದುದ್ದ, ಸಪೂರ ಎಲೆಗಳು, ತುದಿಯಲ್ಲೊಂದು ಹಳದಿ ಮೊಗ್ಗು. ಹಳದಿ ಕಣಗಿಲೆ. ಗೀರಿದರೆ ಹಾಲೆಯ ಹಾಗೆಯೇ ಬಿಳಿ ಹಾಲು ಸುರಿಸುವ, ಎಲೆ ಬೇರು ಕಾಯಿ ತೊಗಟೆ ಎಲ್ಲವೂ ವಿಷವಾಗಿರುವ ಗಿಡ. ನಮ್ಮೂರಿನಲ್ಲಿ ಕೂಸುಗಳಿಗೂ ಅದನ್ನು ಮುಟ್ಟಬೇಡ ಎಂದು ಕಲಿಸಿರುತ್ತಾರೆ.

ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ ಸಂಗಪ್ಪ ಲೋಟ ಹಿಡಿದು ಬಂದ. ಅಜ್ಜಿಯ ಮುಖ, ನನ್ನ ಕೈಯ ಗೆಲ್ಲು ನೋಡಿ ಅಲ್ಲೇ ನಿಂತ. “ಯಮ್ಮಾ, ಅಜ್ಜಾರು ನಮ್ಮ ಕಂಪೌಂಡಿನ ಗಿಡಾ ಜಜ್ಜಾಕತ್ತಿದ್ರು. ನಾ ಕಂಡೇನ್ರಿ. ಬರೂ ದಾರ್ಯಾಗ ಸಿಕ್ಕಿದ್ದಕ್ಕ ಇದನ್ನ ತಗೊಂಡ್ರು ಅಂದ್ಕೊಂಡೆ. ಅವರಿಗಿಂತ ನನಗ ಹೆಚ್ಚ ಗೊತ್ತದ ಏನ್ರಿ?”

“ನಿನ್ನದೆಂತ ತಪ್ಪಿಲ್ಲ ಸಂಗಪ್ಪ. ಆದರೆ ಈ ಮಾತು ಇಲ್ಲಿಗೇ ಮುಗೀಬೇಕು. ಅವರ ಕಿವಿಗೆ ಬೀಳಬಾರ್ದು” ಎಂದಳು ಅಜ್ಜಿ.

“ಬೀಳೂದಿಲ್ರಿ” ಎಂದು ಅವನು ಆಣೆಯಿಡುವಂತೆ ಗಂಟಲು ಮುಟ್ಟಿಕೊಂಡ.

ಅಂದು ಮಧ್ಯಾಹ್ನ ನಾನು ತಿರುವಿನ ಹಾಲೆ ಮರದ ಹತ್ತಿರ ಹೋಗಿ ನೋಡಿದೆ. ದಾರ ಕಟ್ಟಿದ ಹಾಗೇ ಇತ್ತು. ತೊಗಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಬರುತ್ತೇನೆ ಎಂದು ಹೇಳಿ ಹೋದವರನ್ನು ಅದು ಕಾದದ್ದೇ ಬಂತು.

ಒಂದೆರಡು ದಿನದಲ್ಲಿ ಅಜ್ಜ ಇದನ್ನೂ ಮರೆಯುತ್ತಾರೆ ಎಂದೇ ನಾವೆಲ್ಲ ಅಂದುಕೊಂಡೆವು. ಎಲ್ಲವನ್ನೂ ಮರೆಯುವವರು ಇದನ್ನು ಮರೆಯುವುದು ಎಷ್ಟು ಹೊತ್ತಿನ ಮಾತು? ಅಲ್ಲೇ ನಾವು ಮೋಸ ಹೋದದ್ದು. ಬೆಳಿಗ್ಗೆ ತಿಂಡಿ ತಿಂದದ್ದು ಮರೆತರು, ಅಪ್ಪನ ಹೆಸರು ಮರೆತರು, ಹೋಟೆಲು ತಮ್ಮದೆಂಬುದನ್ನೇ ಮರೆತರು. ಸಿಟ್ಟು ಮರೆಯಲಿಲ್ಲ. ಅಜ್ಜಿ ತಟ್ಟೆ ತಂದಿಟ್ಟರೆ ದೂಡುತ್ತಿದ್ದರು. ಅದೇ ತಟ್ಟೆಯನ್ನು ನಾನು ತಂದಿಟ್ಟರೆ ಉಣ್ಣುತ್ತಿದ್ದರು. ಯಾಕೆ ಅಜ್ಜ ಎಂದು ಕೇಳಿದರೆ, “ಅವಳು ಚೆಲ್ತಾಳೆ” ಎನ್ನುತ್ತಿದ್ದರು. ಏನನ್ನು ಚೆಲ್ಲಿದಳು, ಎಂದು ಚೆಲ್ಲಿದಳು, ಅದೊಂದೂ ಗೊತ್ತಿಲ್ಲ. ಮುನಿಸು ಮಾತ್ರ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು.

ಅಜ್ಜಿ ಅಡುಗೆ ಮಾಡಿ ನನ್ನ ಕೈಗೆ ಕೊಟ್ಟು, ತಾನು ಬಾಗಿಲ ಹಿಂದೆ ನಿಂತು ಅಜ್ಜ ಉಣ್ಣುವುದನ್ನು ನೋಡುತ್ತಿದ್ದಳು. ಗಂಡನಿಗೆ ಕಾಣದ ಹಾಗೆ ಗಂಡನನ್ನು ನೋಡುವುದು!

ಅಪ್ಪನಿಗೂ ತಡೆಯಲಾಗಲಿಲ್ಲ. “ನಾನು ಹೇಳಿಬಿಡ್ತೇನೆ ಅಮ್ಮ. ಅವರ ಜೀವ ಉಳಿಸಿದ್ದು ನೀನು. ನೀನು ಯಾಕೆ ಇದನ್ನು ಅನುಭವಿಸಬೇಕು?” ಎಂದು ಒಂದು ದಿನ ರೇಗಿದರು.

ಅಜ್ಜಿ ಹೇಳಿದ್ದು ನನಗೆ ಮಾತು ಮಾತಾಗಿ ನೆನಪಿದೆ. “ಹೇಳಿದರೆ ನನ್ನ ಮೇಲಿನ ಸಿಟ್ಟು ಹೋಗ್ತದೆ, ಸರಿ. ಮತ್ತೆ ಅದರ ಜಾಗದಲ್ಲಿ ಎಂತ ಬಂದು ಕೂರ್ತದೆ? ನನ್ನ ಕೈಯಿಂದ ಇಷ್ಟು ಜನಕ್ಕೆ ವಿಷ ಹೋಗ್ತಿತ್ತು ಅನ್ನುವುದು. ಬಾಕಿ ಎಲ್ಲ ಮರೆತು ಅದೊಂದನ್ನೇ ಹಿಡಿದುಕೊಂಡು ಕೂತರೆ ಎಂತ ಮಾಡ್ತೀ? ಯಾವುದನ್ನು ಇಟ್ಟುಕೊಳ್ತದೆ, ಯಾವುದನ್ನು ಬಿಡ್ತದೆ ಅಂತ ಆ ಕಾಯಿಲೆಯನ್ನು ಕೇಳ್ಲಿಕ್ಕೆ ಆಗ್ತದಾ? ನನ್ನ ಮೇಲೆ ಸಿಟ್ಟೇ ಇರ್ಲಿ ಬಿಡು. ಅದು ಹಗುರ.”

ಹಗುರ ಎಂದಳೇ ಹೊರತು ಅವಳ ಮುಖ ಹಾಗೆ ಹೇಳುತ್ತಿರಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಅವಳು ಏನು ಬೇಡುತ್ತಾಳೆ ಎಂದು ನಮಗೆಲ್ಲ ಗೊತ್ತಿತ್ತು. ಅಜ್ಜ ಗುಣವಾಗುವುದು ಅವಳಿಗೆ ಬೇಕಿರಲಿಲ್ಲ, ಅದು ಆಗುವುದಲ್ಲ ಎಂದು ಒಪ್ಪಿಕೊಂಡಿದ್ದಳು. ಕಣ್ಣು ಮುಚ್ಚುವ ಮೊದಲು ಒಂದು ಸಲ, ಒಂದೇ ಸಲ, ಮುನಿಸಿಲ್ಲದ ಮಾತು ಅವರ ಬಾಯಿಂದ ಬರಲಿ ಎಂದಷ್ಟೇ ಅವಳ ಆಸೆ.

ಚೌತಿ ಬಂತು, ಗಲ್ಲಿಯಲ್ಲಿ ಢೋಲು ತಾಶೆ ಬಡಿದು ಹೋಯಿತು. ಅಜ್ಜನಿಗೆ ನೆಗಡಿ ಎದೆಗೆ ಇಳಿದು ಆಸ್ಪತ್ರೆಗೆ ಸೇರಿಸಿದೆವು. ತಿರುಗಿ ಬಂದವರು ಮತ್ತೆ ಮಂಚದಿಂದ ಏಳಲಿಲ್ಲ. ನವರಾತ್ರಿ ಕಳೆಯಿತು. ಮಳೆ ನಿಂತು, ಬೆಳಗಿನ ಹೊತ್ತು ಸಣ್ಣ ಚಳಿ ಹುಟ್ಟಿತು. ಅಷ್ಟು ಹೊತ್ತಿಗೆ ಅವರು ನಮ್ಮಲ್ಲಿ ಯಾರನ್ನೂ ಗುರುತಿಸುತ್ತಿರಲಿಲ್ಲ. ನಾನು ಯಾರೋ ನರ್ಸ್, ಅಪ್ಪ ಯಾರೋ ಸಾಹೇಬ.

ಒಂದು ಸಂಜೆ ಕಿಟಕಿ ತೆರೆದಿತ್ತು. ತಿರುವಿನ ಮರ ಹೂ ಬಿಟ್ಟಿತ್ತು, ವಾಸನೆ ಕೋಣೆಯೊಳಗೆ ಬಂತು. ಅಜ್ಜ ಮೂಗನ್ನು ಸ್ವಲ್ಪ ಮೇಲೆತ್ತಿ ಉಸಿರೆಳೆದರು. ಬಹಳ ದಿನಗಳ ನಂತರ ಅವರ ಕಣ್ಣು ಒಂದು ಕಡೆ ನಿಂತಿತು. “ಹಾಲೆ” ಎಂದರು. ಆಮೇಲೆ, “ಆಟಿ ಬಂತಾ? ಕಷಾಯ ಆಯ್ತಾ?”

ಆಟಿ ಹೋಗಿ ಎಷ್ಟು ಕಾಲವಾಗಿತ್ತು! ಆ ಒಂದು ದಿನ ಬಿಟ್ಟರೆ ಉಳಿದ ದಿನ ಆ ತೊಗಟೆಯಲ್ಲಿ ಮದ್ದಿಲ್ಲ, ಬರೀ ಕಹಿ ಎಂದು ನಮಗೆಲ್ಲ ಹೇಳಿಕೊಟ್ಟವರೇ ಅಜ್ಜ. ನಾನು ಏನಾದರೂ ಹೇಳುವ ಮೊದಲೇ ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು, “ನಾಳೆ. ನಾಳೆ ಬೆಳಿಗ್ಗೆ.”

ಮರುದಿನ ಬೆಳಗಾಗುವ ಮೊದಲು ಅಜ್ಜಿ ನನ್ನನ್ನು ಎಬ್ಬಿಸಿದಳು. ಇಬ್ಬರೂ ತಿರುವಿಗೆ ನಡೆದೆವು. ನೆಲದ ತುಂಬ ಹಸಿರು ಬಿಳುಪಿನ ಸಣ್ಣ ಹೂಗಳು ಉದುರಿದ್ದವು. ಕಾಂಡದ ಮೇಲೆ ಅಜ್ಜ ಕಟ್ಟಿದ ದಾರ ಇನ್ನೂ ಇತ್ತು. ಅರಿಶಿನವೆಲ್ಲ ಮಳೆಗೆ ತೊಳೆದುಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು. ಗಂಟು ಮಾತ್ರ ಗಟ್ಟಿಯಾಗಿತ್ತು. ಅಜ್ಜಿ ಅದನ್ನು ಮುಟ್ಟಿ ಸ್ವಲ್ಪ ಹೊತ್ತು ನಿಂತಳು.

“ಅವರು ಬರ್ಬೇಕಿತ್ತು. ತಡ ಆಯ್ತು. ನಾನು ಬಂದಿದ್ದೇನೆ” ಎಂದಳು ಮರಕ್ಕೆ. ಆಮೇಲೆ ಊದಿದ ಬೆರಳುಗಳಲ್ಲೇ ಕಲ್ಲು ಹಿಡಿದು ಜಜ್ಜಿದಳು. ಕೊಡು ನಾನು ಮಾಡುತ್ತೇನೆ ಎಂದರೆ ಕೊಡಲಿಲ್ಲ.

ಅರೆಯುವುದನ್ನೂ ಅವಳೇ ಮಾಡಿದಳು, ಮಿಕ್ಸಿಯಲ್ಲಲ್ಲ, ಕಲ್ಲಿನಲ್ಲಿ. ಬೆಣಚುಕಲ್ಲು ಕಾಯಿಸಿ ಬಿಟ್ಟಳು. ಚುಂಯ್ ಎನ್ನುವ ಸದ್ದಿಗೆ ಒಳಗೆ ಅಜ್ಜ ಕಣ್ಣು ತೆರೆದರು. ಲೋಟ ಹಿಡಿದು ಅಜ್ಜಿ ಈ ಸಲ ತಾನೇ ಒಳಗೆ ಹೋದಳು. ಇಷ್ಟು ದಿನ ಬಾಗಿಲು ದಾಟದಿದ್ದವಳು ಮಂಚದ ಪಕ್ಕದಲ್ಲೇ ಕೂತಳು. ದೂಡುತ್ತಾರೋ ಏನೋ ಎಂದು ನಾನು ಮತ್ತು ಅಪ್ಪ ಬಾಗಿಲಲ್ಲೇ ನಿಂತಿದ್ದೆವು.

ಅಜ್ಜ ಅವಳ ಮುಖವನ್ನು ನೋಡಿದರು. ಎಲ್ಲರನ್ನೂ ನೋಡುವ ಹಾಗೆಯೇ ನೋಡಿದರು. “ತಂದದ್ದು ಯಾರು?” ಎಂದು ಕೇಳಿದರು.

“ನಾನೇ” ಎಂದಳು ಅಜ್ಜಿ.

“ಹಾಗಾದರೆ ನೀವು ಮೊದಲು ಕುಡೀಬೇಕು ಅಮ್ಮ. ತಂದವರು ಮೊದಲು. ಅದು ಕ್ರಮ.”

ನೀವು ಎಂದರು. ಅಮ್ಮ ಎಂದರು. ಹೋಟೆಲಿಗೆ ಬಂದ ಅಪರಿಚಿತ ಹೆಂಗಸರಿಗೆ ಹೇಳುವ ಹಾಗೆ. ಅಜ್ಜಿ ಲೋಟದಿಂದ ಒಂದು ಗುಟುಕು ಕುಡಿದು, ಸೆರಗಿನಲ್ಲಿ ಅಂಚು ಒರೆಸಿ, ಅವರ ಬಾಯಿಗೆ ಹಿಡಿದಳು. ಅಜ್ಜ ಒಂದು ಸಣ್ಣ ಗುಟುಕು ನುಂಗಿ ಕಣ್ಣು ಮುಚ್ಚಿದರು. ಎರಡನೆಯದನ್ನು ಕೊಡಹೋದರೆ ಕೈ ಅಡ್ಡ ಹಿಡಿದರು.

“ಬೇಡ, ಉಳಿದದ್ದು ಇಡಿ. ನಮ್ಮ ಗಿರಿಜೆಗೆ ಬೇಕು” ಎಂದರು. “ಆ ಸಲ ಅವಳಿಗೆ ಸಿಗಲೇ ಇಲ್ಲ. ಎಲ್ಲ ಚೆಲ್ಲಿಹೋಯ್ತು.”

ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ಅಜ್ಜಿ ಮೆಲ್ಲನೆ, “ಯಾರು ಚೆಲ್ಲಿದ್ದು?” ಎಂದು ಕೇಳಿದಳು.

ಅಜ್ಜ ಯೋಚಿಸಿದರು. ಹಣೆ ಗಂಟಿಕ್ಕಿತು, ಮತ್ತೆ ಸಡಿಲವಾಯಿತು. “ಯಾರೋ. ಗೊತ್ತಿಲ್ಲ. ಪಾಪ, ಅವಳ ಕಾಲು ಸುಟ್ಟಿತು.”

ಮುನಿಸು ಹೋಗಿತ್ತು. ಆದರೆ ಅದು ಹೋಗಲು ಅಜ್ಜಿಯ ಮುಖವೂ ಅದರ ಜೊತೆಗೇ ಹೋಗಬೇಕಾಯಿತು. ದೇವರು ಬೇಡಿದ್ದನ್ನು ಕೊಡುವ ಬಗೆ ಇದೇ ಆದರೆ ಏನೆಂದು ಬೇಡುವುದು? ನನಗೆ ಅಂದು ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ.

“ಕೊಡ್ತೇನೆ ಅವಳಿಗೆ” ಎಂದು ಅಜ್ಜಿ ಎದ್ದಳು. ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಒಲೆಯ ಕಡೆ ಮುಖ ಮಾಡಿ ನಿಂತು, ಉಳಿದ ಕಷಾಯವನ್ನು ತಳದವರೆಗೂ ಕುಡಿದಳು. ಲೋಟ ತೊಳೆದು ಕವುಚಿ ಹಾಕಿದಳು. ಮುಖಕ್ಕೆ ನೀರು ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಮತ್ತೆ ಮಂಚದ ಹತ್ತಿರ ಬಂದು ಕೂತಳು.

“ಗಿರಿಜೆಗೆ ಕೊಟ್ಟೆ” ಎಂದಳು.

“ಕುಡಿದಳಾ?”

“ಕುಡಿದಳು.”

“ಎಂತ ಹೇಳಿದಳು?”

ಅಜ್ಜಿ ಅವರ ಹೊದಿಕೆ ಸರಿಮಾಡಿದಳು. “ಕಹಿ ಸಾಲದು, ಹೇಳಿದಳು.”

ಅಜ್ಜನ ಒಣಗಿದ ತುಟಿ ಮೊದಲು ಅಲುಗಿತು, ಆಮೇಲೆ ನಗು ಕಣ್ಣಿನವರೆಗೂ ಏರಿತು. ಅವರು ತಡಕಾಡಿ ಅಜ್ಜಿಯ ಊದಿದ ಬೆರಳುಗಳನ್ನು ಹಿಡಿದುಕೊಂಡರು.

“ಹೌದು” ಎಂದರು. “ಅವಳೇ ಅದು.”